ಥೀಮ್ ಪಾರ್ಕ್‌ಗೆ ಹೊಸ ಆಕರ್ಷಣೆ ಬಂದಾಗ 'ಇಲ್ಲಿಗೆ ಹೊಂದಲ್ಲ' ಎಂಬ ಕೂಗೇಕೆ? ರಾಮೋಜಿ ಫಿಲ್ಮ್ ಸಿಟಿ, ಡಿಸ್ನಿಯಿಂದ ಕೆಆರ್‌ಎಸ್‌ವರೆಗೆ ಇಲ್ಲಿದೆ ಮಾಹಿತಿ

ಹೈದರಾಬಾದ್: ಥೀಮ್ ಪಾರ್ಕ್‌ಗೆ ಹೊಸ ರೈಡ್ ಬರುತ್ತದೆ ಎಂದರೆ ಅಭಿಮಾನಿಗಳೆಲ್ಲ ಖುಷಿಪಡುತ್ತಾರೆ ಎಂದುಕೊಳ್ಳುವುದು ಸಹಜ. ಆದರೆ ಎಷ್ಟೋ ಬಾರಿ ಘೋಷಣೆಯಾದ ದಿನವೇ ಅವರು ಎರಡು ಬಣಗಳಾಗಿ ವಾದಕ್ಕಿಳಿಯುತ್ತಾರೆ. ರೈಡ್ ಎಷ್ಟು ರೋಚಕ, ಟಿಕೆಟ್ ದರ ಎಷ್ಟು ಎಂಬ ಪ್ರಶ್ನೆಗಳು ಹಿಂದೆ ಸರಿದು, 'ಇದು ಈ ಜಾಗಕ್ಕೆ ಹೊಂದುತ್ತದೆಯೇ?' ಎಂಬುದೇ ಮುಖ್ಯವಾಗುತ್ತದೆ.

ಹೊರಗಿನವರಿಗೆ ಇದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ಅಮೆರಿಕದ ಡಿಸ್ನಿ ಪಾರ್ಕ್‌ಗಳು, ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿ, ಮಂಡ್ಯ ಜಿಲ್ಲೆಯ ಕೆಆರ್‌ಎಸ್ ಬೃಂದಾವನ ಉದ್ಯಾನ ಈ ಮೂರೂ ಕಡೆ ಈ ಪ್ರಶ್ನೆಗೆ ಸಿಗುವ ಉತ್ತರ ಬೇರೆ ಬೇರೆ. ಒಂದು ಕಡೆ ಪಣಕ್ಕಿರುವುದು ಬರೀ ಕಥೆಯಾದರೆ, ಇನ್ನೊಂದು ಕಡೆ ಅಣೆಕಟ್ಟೆ ಮತ್ತು ಅದನ್ನು ನಂಬಿರುವ ಜಮೀನು. ಈ ಕುರಿತ ಮಾಹಿತಿ ಇಲ್ಲಿದೆ.

ಮನರಂಜನಾ ಪಾರ್ಕ್ ಬೇರೆ, ಥೀಮ್ ಪಾರ್ಕ್ ಬೇರೆ

ನಮ್ಮ ಊರ ಜಾತ್ರೆಯಲ್ಲಿ ಜಾಯಿಂಟ್ ವೀಲ್ ಪಕ್ಕ ಮೃತ್ಯುಕೂಪ, ಅದರ ಪಕ್ಕ ಮಿರ್ಚಿ ಅಂಗಡಿ ಇದ್ದರೆ ಯಾರೂ ತಕರಾರು ಎತ್ತುವುದಿಲ್ಲ. ಅಲ್ಲಿ ಒಂದೊಂದು ಆಟಕ್ಕೂ ಅದರದ್ದೇ ಲೆಕ್ಕ. ಮನರಂಜನಾ ಪಾರ್ಕ್‌ಗಳೂ ಬಹುತೇಕ ಇದೇ ಮಾದರಿಯವು. ಕೊಚ್ಚಿಯಲ್ಲಿ 2000ರಲ್ಲಿ 'ವೀಗಾಲ್ಯಾಂಡ್' ಹೆಸರಿನಲ್ಲಿ ಶುರುವಾಗಿ, 2005ರಲ್ಲಿ ಬೆಂಗಳೂರಿನ ಬಿಡದಿ ಬಳಿಗೆ ಮತ್ತು 2016ರಲ್ಲಿ ಹೈದರಾಬಾದ್‌ನ ಹೊರವಲಯದ ರಾವಿರ್ಯಾಲಕ್ಕೆ ಬಂದ ವಂಡರ್‌ಲಾ ಇದಕ್ಕೆ ಉದಾಹರಣೆ. ಇಂಥ ಕಡೆ ಹೊಸ ರೋಲರ್ ಕೋಸ್ಟರ್ ಬಂದರೆ ಚರ್ಚೆಯಾಗುವುದು ಅದರ ಎತ್ತರ, ವೇಗ ಮತ್ತು ಸರದಿ ಸಾಲಿನ ಬಗ್ಗೆ.

ಥೀಮ್ ಪಾರ್ಕ್‌ನ ಲೆಕ್ಕವೇ ಬೇರೆ. 1955ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಆರಂಭವಾದ ಡಿಸ್ನಿಲ್ಯಾಂಡ್ ಈ ಮಾದರಿಯನ್ನು ಜಗತ್ತಿಗೆ ಪರಿಚಯಿಸಿತು. ಪಾರ್ಕ್ ಅನ್ನು ಅಡ್ವೆಂಚರ್‌ಲ್ಯಾಂಡ್, ಫ್ರಾಂಟಿಯರ್‌ಲ್ಯಾಂಡ್, ಫ್ಯಾಂಟಸಿಲ್ಯಾಂಡ್, ಟುಮಾರೋಲ್ಯಾಂಡ್ ಎಂದು 'ಲೋಕ'ಗಳಾಗಿ ವಿಂಗಡಿಸಲಾಯಿತು. ಹೊರಗಿನ ರಸ್ತೆ, ಕಟ್ಟಡಗಳು ಒಳಗಿದ್ದವರಿಗೆ ಕಾಣದಂತೆ ಸುತ್ತ ಮಣ್ಣಿನ ದಿಬ್ಬ ಹಾಕಿ ಮರ ಬೆಳೆಸಲಾಯಿತು. ಒಂದು ಲೋಕದಲ್ಲಿ ನಿಂತವರಿಗೆ ಇನ್ನೊಂದು ಲೋಕ ಅಡ್ಡ ಬರಬಾರದು ಎಂಬುದು ವಿನ್ಯಾಸಕರ ನಿಯಮ. ಕಟ್ಟಡ, ಸಂಗೀತ, ಸಿಬ್ಬಂದಿಯ ಉಡುಪು, ಕಸದ ಡಬ್ಬಿಯ ಬಣ್ಣ ಎಲ್ಲವೂ ಒಂದೇ ಕಥೆ ಹೇಳಬೇಕು.

ಈ ನಿಯಮವನ್ನು ಎಷ್ಟು ಗಂಭೀರವಾಗಿ ಪಾಲಿಸುತ್ತಾರೆ ಎಂಬುದಕ್ಕೆ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ 1994ರಲ್ಲಿ ಆರಂಭವಾದ 'ಟವರ್ ಆಫ್ ಟೆರರ್' ಸಾಕ್ಷಿ. 199 ಅಡಿ ಎತ್ತರದ ಈ ಕಟ್ಟಡ, ಪಕ್ಕದ ಎಪ್ಕಾಟ್ ಪಾರ್ಕ್‌ನ ಮೊರೊಕ್ಕೊ ವಿಭಾಗದ ಹಿಂದೆ ಕಾಣಿಸುತ್ತದೆ. ಹಾಗಾಗಿ ಅದರ ಬಣ್ಣ ಮತ್ತು ಮೇಲ್ಭಾಗದ ವಿನ್ಯಾಸವನ್ನು ಮೊರೊಕ್ಕೊದ ಕಟ್ಟಡಗಳಿಗೆ ಹೊಂದುವಂತೆ ಮಾಡಲಾಯಿತು. ಪಾರ್ಕ್‌ನವರೇ ಇಷ್ಟು ಕಾಳಜಿ ವಹಿಸಿ ಕಲಿಸಿದ್ದನ್ನು ಅಭಿಮಾನಿಗಳು ಕಲಿತಿದ್ದಾರೆ. ಆದ್ದರಿಂದಲೇ ನಿಯಮ ಮುರಿದಾಗ ಮೊದಲು ಪ್ರಶ್ನಿಸುವವರೂ ಅವರೇ.

ಜಗಳ ಎಬ್ಬಿಸಿದ ನಾಲ್ಕು ಪ್ರಕರಣಗಳು

ನಾರ್ವೆಗೆ ಬಂದ 'ಫ್ರೋಜನ್': ಎಪ್ಕಾಟ್‌ನಲ್ಲಿ 11 ದೇಶಗಳನ್ನು ಪರಿಚಯಿಸುವ 'ವರ್ಲ್ಡ್ ಶೋಕೇಸ್' ಇದೆ. ಅದರ ನಾರ್ವೆ ವಿಭಾಗದಲ್ಲಿ 1988ರಿಂದ 'ಮೇಲ್‌ಸ್ಟ್ರಾಮ್' ಎಂಬ ದೋಣಿ ರೈಡ್ ಇತ್ತು. ವೈಕಿಂಗರು, ಜಾನಪದ ಕಥೆಗಳ ಭೂತಗಳು, ಸಮುದ್ರದ ತೈಲ ಬಾವಿ ಎಲ್ಲವೂ ಅದರಲ್ಲಿ ಬರುತ್ತಿದ್ದವು. 2014ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಿ, 2016ರ ಜೂನ್ 21ರಂದು ಅದೇ ಹಾದಿಯಲ್ಲಿ 'ಫ್ರೋಜನ್ ಎವರ್ ಆಫ್ಟರ್' ಆರಂಭಿಸಲಾಯಿತು. ಸಿನಿಮಾದ ಅರೆಂಡೆಲ್ ರಾಜ್ಯಕ್ಕೆ ನಾರ್ವೆಯೇ ಸ್ಫೂರ್ತಿ ಎಂಬುದು ಒಂದು ವಾದ. ನಿಜವಾದ ದೇಶವನ್ನು ತೋರಿಸಬೇಕಾದ ಜಾಗದಲ್ಲಿ ಇಲ್ಲದ ದೇಶವನ್ನು ತೋರಿಸಿದರೆ ಹೇಗೆ ಎಂಬುದು ಇನ್ನೊಂದು. ಮಕ್ಕಳಿರುವ ಕುಟುಂಬಗಳು ಮಾತ್ರ ಸಾಲು ಹಚ್ಚಿದವು.

ಹಳೆಯ ಹೋಟೆಲ್‌ಗೆ ಸೂಪರ್‌ಹೀರೊಗಳು: ಕ್ಯಾಲಿಫೋರ್ನಿಯಾದ 'ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್' ಪಾರ್ಕ್‌ನಲ್ಲೂ 2004ರಿಂದ ಒಂದು 'ಟವರ್ ಆಫ್ ಟೆರರ್' ಇತ್ತು. ಹಳೆಯ ಹಾಲಿವುಡ್ ಕಾಲದ ಪಾಳುಬಿದ್ದ ಹೋಟೆಲ್‌ನಂತಿದ್ದ ಅದನ್ನು 2017ರ ಜನವರಿಯಲ್ಲಿ ಮುಚ್ಚಲಾಯಿತು. ಅದೇ ಮೇ 27ರಂದು ಅದು 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ರೈಡ್ ಆಗಿ ತೆರೆಯಿತು. ಹಾಲಿವುಡ್ ಬೀದಿಯ ತುದಿಯಲ್ಲಿ ಕೊಳವೆ, ಲೋಹದ ತಗಡುಗಳಿಂದ ಮುಚ್ಚಿದ ಅನ್ಯಗ್ರಹದ ಕೋಟೆ ಎದ್ದು ನಿಂತದ್ದು ಅನೇಕರಿಗೆ ಸರಿಕಾಣಲಿಲ್ಲ. ಆನ್‌ಲೈನ್ ಸಹಿ ಸಂಗ್ರಹವೂ ನಡೆಯಿತು. ಆದರೆ 2021ರ ಜೂನ್‌ನಲ್ಲಿ ಅದರ ಪಕ್ಕದಲ್ಲೇ 'ಅವೆಂಜರ್ಸ್ ಕ್ಯಾಂಪಸ್' ತೆರೆದು ಈ ರೈಡ್ ಅನ್ನು ಅದರೊಳಗೆ ಸೇರಿಸಲಾಯಿತು. ಅಂದರೆ ರೈಡ್ ಜಾಗಕ್ಕೆ ಹೊಂದಿಕೊಳ್ಳಲಿಲ್ಲ, ಜಾಗವನ್ನೇ ರೈಡ್‌ಗೆ ಹೊಂದಿಸಲಾಯಿತು.

ಒಂದೇ ರೈಡ್, ಎರಡು ನೆಲ: 1946ರ ಸಿನಿಮಾವೊಂದರ ಪಾತ್ರಗಳನ್ನು ಆಧರಿಸಿದ್ದ 'ಸ್ಪ್ಲ್ಯಾಶ್ ಮೌಂಟನ್' ರೈಡ್, ಆ ಸಿನಿಮಾ ಕಪ್ಪುಜನರನ್ನು ಚಿತ್ರಿಸಿದ ರೀತಿಯಿಂದಾಗಿ ಟೀಕೆಗೆ ಗುರಿಯಾಗಿತ್ತು. ಅದರ ಬದಲಿಗೆ 2024ರಲ್ಲಿ ಎರಡು ಪಾರ್ಕ್‌ಗಳಲ್ಲಿ 'ಟಿಯಾನಾಸ್ ಬೇಯೂ ಅಡ್ವೆಂಚರ್' ಬಂತು. ಕಥೆ ನಡೆಯುವುದು 1920ರ ದಶಕದ ನ್ಯೂ ಆರ್ಲಿಯನ್ಸ್‌ನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಅದರ ನೆರೆಯಲ್ಲೇ ನ್ಯೂ ಆರ್ಲಿಯನ್ಸ್ ಹೆಸರಿನ ವಿಭಾಗವಿದೆ, ಹಾಗಾಗಿ ಸಹಜವಾಗಿ ಕೂತಿತು. ಫ್ಲೋರಿಡಾದಲ್ಲಿ ಅದು ಇರುವುದು ಅಮೆರಿಕದ ಪಶ್ಚಿಮ ಗಡಿನಾಡಿನ ಕಥೆ ಹೇಳುವ ಫ್ರಾಂಟಿಯರ್‌ಲ್ಯಾಂಡ್‌ನಲ್ಲಿ. ಅಲ್ಲಿ ಪ್ರಶ್ನೆ ಎದ್ದಿತು.

ನದಿ ಹೋಗಿ ಕಾರು: ಅದೇ ಫ್ಲೋರಿಡಾದ ಫ್ರಾಂಟಿಯರ್‌ಲ್ಯಾಂಡ್‌ನ ಕೃತಕ ನದಿ, 1973ರಿಂದ ಇದ್ದ ಟಾಮ್ ಸಾಯರ್ ದ್ವೀಪ ಮತ್ತು ಹಬೆದೋಣಿ 2025ರ ಜುಲೈ 6ರಂದು ಕೊನೆಯ ಬಾರಿ ಪ್ರವಾಸಿಗರನ್ನು ಕಂಡವು. ಅಲ್ಲಿ 'ಕಾರ್ಸ್' ಸಿನಿಮಾ ಆಧಾರಿತ ವಿಭಾಗ ಬರಲಿದೆ. ಕಾಡು, ಬೆಟ್ಟಗಳ ದಾರಿಯ ರ‍್ಯಾಲಿಯೂ ಗಡಿನಾಡಿನ ಸಾಹಸವೇ ಎಂಬುದು ಸಂಸ್ಥೆಯ ಸಮರ್ಥನೆ. ಮಾತನಾಡುವ ಕಾರುಗಳಿಗೂ 19ನೇ ಶತಮಾನದ ಗಡಿನಾಡಿಗೂ ಏನು ಸಂಬಂಧ ಎಂಬುದು ವಿರೋಧಿಗಳ ಪ್ರಶ್ನೆ. ಇಲ್ಲಿ ಕಥೆಯ ಜೊತೆ ಇನ್ನೊಂದು ನಷ್ಟವೂ ಇದೆ: ಗದ್ದಲದ ಪಾರ್ಕ್‌ನಲ್ಲಿ ಸುಮ್ಮನೆ ಕೂತು ನೀರು ನೋಡಬಹುದಾಗಿದ್ದ ಜಾಗ.

ಎರಡೂ ಬಣಗಳ ವಾದವೇನು?

ಬದಲಾವಣೆ ಬೇಕು ಎನ್ನುವವರು, ಪಾರ್ಕ್ ವಸ್ತುಸಂಗ್ರಹಾಲಯವಲ್ಲ ಎನ್ನುತ್ತಾರೆ. ಡಿಸ್ನಿಲ್ಯಾಂಡ್ ಎಂದಿಗೂ ಪೂರ್ಣಗೊಳ್ಳದ ಕೆಲಸ ಎಂದು ವಾಲ್ಟ್ ಡಿಸ್ನಿ ಅವರೇ ಹೇಳಿದ್ದನ್ನು ನೆನಪಿಸುತ್ತಾರೆ. ಹಳೆಯ ರೈಡ್‌ಗಳ ಯಂತ್ರಗಳು ಸವೆಯುತ್ತವೆ, ಇಂದಿನ ಮಕ್ಕಳಿಗೆ ಇಂದಿನ ಕಥೆಗಳು ಬೇಕು, ಹೊಸದು ಬರದಿದ್ದರೆ ಟಿಕೆಟ್ ಮಾರಾಟವಾಗದು ಎಂಬುದು ಅವರ ಲೆಕ್ಕ. ಕಾಲ ಕಳೆದಂತೆ ಎಲ್ಲವೂ ಹೊಂದಿಕೊಳ್ಳುತ್ತದೆ ಎಂಬ ಮಾತೂ ಇದೆ. ಅದಕ್ಕೆ ಹೈದರಾಬಾದ್‌ನಲ್ಲೇ ಉದಾಹರಣೆ ಸಿಗುತ್ತದೆ. 16ನೇ ಶತಮಾನದ ಹುಸೇನ್ ಸಾಗರ್ ಕೆರೆಯ ನಡುವೆ ಬೃಹತ್ ಏಕಶಿಲಾ ಬುದ್ಧ ಪ್ರತಿಮೆ ನಿಂತದ್ದು 1992ರಲ್ಲಿ. ಇಂದು ಆ ಪ್ರತಿಮೆ ಇಲ್ಲದ ಕೆರೆಯನ್ನು ನಗರದ ಜನ ಊಹಿಸಿಕೊಳ್ಳುವುದೂ ಕಷ್ಟ.

ವಿರೋಧಿಸುವವರ ವಾದವೂ ಟೊಳ್ಳಲ್ಲ. ಜನ ಥೀಮ್ ಪಾರ್ಕ್‌ಗೆ ದುಬಾರಿ ಟಿಕೆಟ್ ಕೊಟ್ಟು ಬರುವುದೇ ಬೇರೊಂದು ಲೋಕದೊಳಗೆ ಹೋದ ಅನುಭವಕ್ಕಾಗಿ. ಯಾವ ಸಿನಿಮಾ ಗೆದ್ದಿತೋ ಅದರ ರೈಡ್ ಅನ್ನು ಖಾಲಿ ಇರುವ ಕಡೆ ಕೂರಿಸುತ್ತ ಹೋದರೆ ಕೊನೆಗೆ ಉಳಿಯುವುದು ದುಬಾರಿ ಜಾತ್ರೆಯೇ ಎನ್ನುತ್ತಾರೆ. ಅಪ್ಪ-ಅಮ್ಮನ ಜೊತೆ ಹೋಗಿದ್ದ ಜಾಗಕ್ಕೆ ತಮ್ಮ ಮಕ್ಕಳನ್ನು ಕರೆತಂದವರಿಗೆ ಅದು ನೆನಪಿನ ವಿಷಯವೂ ಹೌದು.

ರಾಮೋಜಿ ಫಿಲ್ಮ್ ಸಿಟಿಯಲ್ಲಿ 'ಬಾಹುಬಲಿ' ಹೊಂದಿದ್ದು ಹೇಗೆ?

ಹೈದರಾಬಾದ್–ವಿಜಯವಾಡ ಹೆದ್ದಾರಿಯಲ್ಲಿ 1996ರಲ್ಲಿ ರಾಮೋಜಿ ರಾವ್ ಸ್ಥಾಪಿಸಿದ ಫಿಲ್ಮ್ ಸಿಟಿ, 1,666 ಎಕರೆಯೊಂದಿಗೆ ವಿಶ್ವದ ಅತಿದೊಡ್ಡ ಸ್ಟುಡಿಯೊ ಸಂಕೀರ್ಣ ಎಂಬ ಗಿನ್ನೆಸ್ ದಾಖಲೆ ಪಡೆದಿದೆ. ಅನೇಕ ಕನ್ನಡ ಸಿನಿಮಾಗಳ ಚಿತ್ರೀಕರಣವೂ ಇಲ್ಲಿ ನಡೆದಿದೆ. ವಿಮಾನ ನಿಲ್ದಾಣ, ರೈಲು ನಿಲ್ದಾಣ, ವಿದೇಶಿ ಬೀದಿ, ಮೊಘಲ್ ಶೈಲಿಯ ಉದ್ಯಾನ ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ಬೇರೆಡೆಯಾದರೆ ಇದು ಎಡವಟ್ಟಾಗಿ ಕಾಣುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಸಿನಿಮಾ ಹೇಗೆ ತಯಾರಾಗುತ್ತದೆ ಎಂಬುದೇ ಈ ಜಾಗದ ಕಥೆ.

2015 ಮತ್ತು 2017ರಲ್ಲಿ ತೆರೆಕಂಡ ಎಸ್.ಎಸ್. ರಾಜಮೌಳಿ ಅವರ 'ಬಾಹುಬಲಿ' ಚಿತ್ರಗಳಿಗೆ ಕಲಾ ನಿರ್ದೇಶಕ ಸಾಬು ಸಿರಿಲ್ ನೇತೃತ್ವದಲ್ಲಿ ಇಲ್ಲಿ ಮಾಹಿಷ್ಮತಿಯ ಸೆಟ್ ಹಾಕಲಾಗಿತ್ತು. ಸಾಮಾನ್ಯವಾಗಿ ಚಿತ್ರೀಕರಣ ಮುಗಿದ ಮೇಲೆ ಸೆಟ್‌ಗಳನ್ನು ಬಿಚ್ಚಿಹಾಕುತ್ತಾರೆ. ಇದನ್ನು ಉಳಿಸಿಕೊಂಡು ಪ್ರವಾಸಿಗರಿಗೆ ತೆರೆಯಲಾಯಿತು. ಆನೆಯ ಬೃಹತ್ ಆಕೃತಿಗಳು, ಪ್ರತಿಮೆಗಳು, ಅರಮನೆಯ ಅಂಗಳದ ಮುಂದೆ ಜನ ಫೋಟೊಗೆ ಮುಗಿಬೀಳುತ್ತಾರೆ. ತೆರೆಯ ಮೇಲಿನ ಮಾಹಿಷ್ಮತಿಯ ಬಹುಭಾಗ ಕಂಪ್ಯೂಟರ್ ಗ್ರಾಫಿಕ್ಸ್‌ನದ್ದು, ಹಾಗಾಗಿ ಸೆಟ್ ನೋಡಿದವರಿಗೆ 'ಇಷ್ಟೇನಾ' ಅನ್ನಿಸಬಹುದು. ಆದರೆ 'ಇದು ಇಲ್ಲೇಕೆ' ಅನ್ನಿಸದು. ಚಿತ್ರೀಕರಣ ನಡೆದ ನೆಲದಲ್ಲೇ ಸೆಟ್ ಇದೆ, ಕಥೆಯನ್ನು ಬೇರೆಲ್ಲಿಂದಲೋ ತಂದು ಅಂಟಿಸಿಲ್ಲ. ಇದೇ ಸೆಟ್‌ನ ನಕಲನ್ನು ಗೋಲ್ಕೊಂಡ ಕೋಟೆಯ ಅಂಗಳದಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ ಎಂದು ಯೋಚಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಕೆಆರ್‌ಎಸ್‌ನಲ್ಲಿ ಪ್ರಶ್ನೆ ಬರೀ ಅಂದಚೆಂದದ್ದಲ್ಲ

ಇದೇ ಪ್ರಶ್ನೆ ಕರ್ನಾಟಕದಲ್ಲಿ ಹೆಚ್ಚು ಗಂಭೀರ ರೂಪ ಪಡೆದದ್ದು ಕೆಆರ್‌ಎಸ್‌ನಲ್ಲಿ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜ ಸಾಗರ ಅಣೆಕಟ್ಟೆಯ ಕೆಳಗೆ, ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಬೃಂದಾವನ ಉದ್ಯಾನ ರೂಪುಗೊಂಡಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ನೀರಿನ ಕಾರಂಜಿ, ಸಂಜೆಯ ದೀಪಗಳಲ್ಲಿ ಎಲ್ಲೂ ಅಣೆಕಟ್ಟೆಯ ನೋಟಕ್ಕೆ ಅಡ್ಡಿಯಿಲ್ಲ. ಅಣೆಕಟ್ಟೆಯ ನೀರೇ ಅಲ್ಲಿನ ಆಕರ್ಷಣೆ.

2018ರ ನವೆಂಬರ್‌ನಲ್ಲಿ ಆಗಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಅವರು ಇಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕ್ ಮತ್ತು 125 ಅಡಿ ಎತ್ತರದ ಕಾವೇರಿ ಪ್ರತಿಮೆಯ ಯೋಜನೆ ಪ್ರಕಟಿಸಿದಾಗಲೇ ರೈತ ಸಂಘಟನೆಗಳಿಂದ ಆಕ್ಷೇಪ ಬಂದಿತ್ತು. 2024ರಲ್ಲಿ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಸುಮಾರು 2,663 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. 2025ರಲ್ಲಿ ಇದರ ವಿರುದ್ಧ ಮಂಡ್ಯ ಭಾಗದಲ್ಲಿ ಮತ್ತೆ ಪ್ರತಿಭಟನೆಗಳು ನಡೆದವು.

ಪ್ರವಾಸೋದ್ಯಮ ಬೆಳೆಯುತ್ತದೆ, ಸ್ಥಳೀಯರಿಗೆ ಉದ್ಯೋಗ ಸಿಗುತ್ತದೆ, ಅಣೆಕಟ್ಟೆಗೆ ತೊಂದರೆಯಾಗದು ಎಂಬುದು ಸರ್ಕಾರದ ವಾದ. ನಿರ್ಮಾಣ ಕಾಮಗಾರಿ ಮತ್ತು ಜನದಟ್ಟಣೆಯಿಂದ ಹಳೆಯ ಅಣೆಕಟ್ಟೆಯ ಸುರಕ್ಷತೆಗೆ ಧಕ್ಕೆಯಾಗಬಹುದು, ಮೊದಲು ನಾಲೆಗಳ ಕೊನೆ ಭಾಗಕ್ಕೆ ನೀರು ತಲುಪಿಸಿ ಎಂಬುದು ರೈತರ ವಾದ. ಈ ಆತಂಕಕ್ಕೆ ಹಿನ್ನೆಲೆಯೂ ಇದೆ. ಅಣೆಕಟ್ಟೆಯ ಸುರಕ್ಷತೆಯ ಕಾರಣಕ್ಕೇ 2024ರ ಜನವರಿಯಲ್ಲಿ ಹೈಕೋರ್ಟ್, ಕೆಆರ್‌ಎಸ್ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತ್ತು. ಮಂಡ್ಯದ ಗದ್ದೆಗಳಿಗೆ, ಮೈಸೂರು ಮತ್ತು ಬೆಂಗಳೂರಿನ ಮನೆಗಳಿಗೆ ಇದೇ ಜಲಾಶಯ ಆಧಾರ.

ಹೊಂದುತ್ತದೆಯೇ ಎಂದು ನೋಡುವುದು ಹೇಗೆ?

ಹೊಸ ಆಕರ್ಷಣೆಯ ಸುದ್ದಿ ಬಂದಾಗ ಪರ-ವಿರೋಧ ನಿರ್ಧರಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು:

• ಆ ಜಾಗ ಈಗ ಯಾವ ಕಥೆ ಹೇಳುತ್ತಿದೆ? ಹೊಸದು ಅದನ್ನು ಮುಂದುವರಿಸುತ್ತದೆಯೇ, ಅಳಿಸುತ್ತದೆಯೇ?

• ದೂರದಿಂದ ನೋಡಿದಾಗ ಏನು ಕಾಣುತ್ತದೆ? ಹೊಸ ಕಟ್ಟಡ ಹಳೆಯ ನೋಟವನ್ನು ಮುಚ್ಚುತ್ತದೆಯೇ?

• ಹೊಸದಕ್ಕಾಗಿ ಏನನ್ನು ತೆಗೆಯಲಾಗುತ್ತಿದೆ? ಅದನ್ನು ಮತ್ತೆ ತರಲು ಸಾಧ್ಯವೇ?

• ನೆಲ, ನೀರು, ರಸ್ತೆ ಎಷ್ಟು ಜನರನ್ನು ತಡೆದುಕೊಳ್ಳಬಲ್ಲವು? ಅದರ ಅಧ್ಯಯನ ವರದಿ ಸಾರ್ವಜನಿಕರಿಗೆ ಸಿಗುತ್ತದೆಯೇ?

• ಜಾಗ ಯಾರದ್ದು, ತೀರ್ಮಾನ ಯಾರದ್ದು?

ಕೊನೆಯ ಪ್ರಶ್ನೆಯೇ ಹೆಚ್ಚು ಮುಖ್ಯ. ಖಾಸಗಿ ಪಾರ್ಕ್‌ನಲ್ಲಿ ತೀರ್ಮಾನ ಮಾಲೀಕರದ್ದು. ಇಷ್ಟವಾಗದಿದ್ದರೆ ಟಿಕೆಟ್ ಕೊಳ್ಳದಿರುವುದಷ್ಟೇ ಅಭಿಮಾನಿಯ ಕೈಲಿರುವುದು. ಅಲ್ಲಿ ರೈಡ್ ಹೊಂದದಿದ್ದರೆ ಸುತ್ತಲಿನ ಬೀದಿಯನ್ನೇ ಬದಲಿಸಬಹುದು, ಕಥೆಯನ್ನೂ ಬದಲಿಸಬಹುದು. ಸಾರ್ವಜನಿಕ ಜಾಗದಲ್ಲಿ ಆ ಅನುಕೂಲ ಇಲ್ಲ. ಅಣೆಕಟ್ಟೆಯನ್ನು ಪಾರ್ಕ್‌ಗೆ ಹೊಂದಿಸಲಾಗದು, ಪಾರ್ಕ್ ಅನ್ನೇ ಅಣೆಕಟ್ಟೆಗೆ ಹೊಂದಿಸಬೇಕು. ಅದು ಸಾಧ್ಯವೇ ಎಂಬುದನ್ನು ಕಾಮಗಾರಿ ಶುರುವಾಗುವ ಮುನ್ನವೇ ಕೇಳುವ ಹಕ್ಕು ಪ್ರವಾಸಿಗರಷ್ಟೇ ಅಲ್ಲ, ಆ ನೀರನ್ನು ಕುಡಿಯುವ ಮತ್ತು ಗದ್ದೆಗೆ ಹಾಯಿಸುವ ಎಲ್ಲರಿಗೂ ಇದೆ.