ಪೈಸಾ ಫಂಡ್ ಮತ್ತು ಇಡ್ಲಿ ಗಾಡಿ

ನಾನು ತಳೇಗಾಂವ ದಾಭಾಡೆಗೆ ಬಂದು ದಶಕಗಳೇ ಆದವು. ನಮ್ಮ ಕಡೆಯಿಂದ ಬಂದ ಹುಡುಗರು ಆಗಾಗ ಕೇಳುತ್ತಾರೆ: "ಕಾಕಾ, ಇಡ್ಲಿ ಗಾಡಿ ಹಚ್ಚಬೇಕಂತೀನಿ, ರೊಕ್ಕ ಎಲ್ಲಿಂದ ತರ್ಲಿ?" ಆಗೆಲ್ಲ ಈ ಊರಿನದೇ ಒಂದು ಕತೆ ಹೇಳುತ್ತೇನೆ.

ಸ್ವದೇಶಿಯ ಗಾಳಿ ಬೀಸುತ್ತಿದ್ದ ಕಾಲ. ಅಂತಾಜಿ ದಾಮೋದರ ಕಾಳೆ ಎಂಬವರು ಉದ್ಯಮ ಕಟ್ಟಲು ಜನರಿಂದ ತಲೆಗೊಂದು ಪೈಸೆ ಕೂಡಿಸಲು ಹೊರಟರು. ತಿಲಕರೂ ಬೆಂಬಲಿಸಿದರು. ಆ 'ಪೈಸಾ ಫಂಡ್' ಹಣದಿಂದ 1908ರಲ್ಲಿ ಇಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. ಗಾಜು ತಯಾರಿಸುವುದರ ಜೊತೆಗೆ ಹುಡುಗರಿಗೆ ಆ ಕೆಲಸವನ್ನೂ ಅಲ್ಲಿ ಕಲಿಸಿದರು. ಸಣ್ಣ ದುಡ್ಡಿನಿಂದ ಕೆಲಸ ಶುರುವಾಗುತ್ತದೆ, ಆದರೆ ಕಸುಬು ಗೊತ್ತಿರಬೇಕು ನೋಡಿ.

ಈಗ ಒಬ್ಬೊಬ್ಬರ ಹತ್ತಿರ ಪೈಸೆ ಕೇಳಬೇಕಿಲ್ಲ. 2020ರಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಬೀದಿ ವ್ಯಾಪಾರಿಗೆ ಅಡಮಾನವಿಲ್ಲದೆ 10,000 ರೂಪಾಯಿ ಸಾಲ ಸಿಗುತ್ತಿತ್ತು. 2025ರಲ್ಲಿ ಮೊದಲ ಕಂತಿನ ಈ ಸಾಲವನ್ನು 15,000ಕ್ಕೆ ಏರಿಸಿದರು.

ಆದರೆ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರದ ಪ್ರಮಾಣಪತ್ರ ಬೇಕು. ಅದಕ್ಕೇ ಹೇಳುವುದು, ಗಾಡಿ ಕೊಳ್ಳುವ ಮೊದಲು ನಗರ ಪರಿಷತ್ತಿಗೆ ಹೋಗಿ ವಿಚಾರಿಸಿ. ಇಲ್ಲದಿದ್ದರೆ ಒಂದು ದಿನ ಗಾಡಿ ಹೋಗುತ್ತದೆ, ಸಾಲ ಮಾತ್ರ ಉಳಿಯುತ್ತದೆ.