ಕಂಪೆನಿಯ ಶಾಲೆಯಲ್ಲಿ ಕಲಿತವರು

ಕಳೆದ ವರ್ಷ ನಮ್ಮ ಸಂಘದ ಕೊಠಡಿಯಲ್ಲಿ ಗೋಡೆಗೆ ಬಿಳಿಯ ಪಂಚೆಯೊಂದನ್ನು ಕಟ್ಟಿ ಮಕ್ಕಳಿಗೆ 'ಸತ್ಯ ಹರಿಶ್ಚಂದ್ರ' ಚಲಚ್ಚಿತ್ರವನ್ನು ತೋರಿಸಿದೆವು. ಮರುದಿನ ಶಾಲೆಯ ಅಂಗಳದಲ್ಲಿ ಐದನೆಯ ತರಗತಿಯ ಹುಡುಗನೊಬ್ಬನು ಹೆಗಲ ಮೇಲೆ ಕೋಲನ್ನಿಟ್ಟುಕೊಂಡು ಬೇವಿನ ಮರದ ಕೆಳಗೆ ಶ್ಮಶಾನದ ಕಾವಲುಗಾರನಾಗಿ ನಿಂತಿದ್ದನು. ತಾಳವಾಡಿ ಸೀಮೆಯ ನಮ್ಮ ಮಾತಿನಲ್ಲಿ ಹಕಾರವು ನಾಲಗೆಯ ಮೇಲೆ ನಿಲ್ಲುವುದಿಲ್ಲವೆಂಬುದನ್ನು ಇಲ್ಲಿಯ ಉಪಾಧ್ಯಾಯರೆಲ್ಲರೂ ಬಲ್ಲರು. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಮನೆಯ ಮಾತು ಮನೆಯಲ್ಲಿ ಚೆನ್ನ. ಅದನ್ನು ತಪ್ಪೆಂದು ನಾನು ಎಂದೂ ಹೇಳಿದವನಲ್ಲ. ಆದರೆ ಪದ್ಯವನ್ನು ಓದುವಾಗ ಅಕ್ಷರಕ್ಕೆ ಸಲ್ಲಬೇಕಾದುದು ಸಲ್ಲಬೇಡವೆ? ಎರಡು ವರ್ಷ ಬೋಳು ಹಲಗೆಯ ಮುಂದೆ ನಿಲ್ಲಿಸಿ ಹೇಳಿಸಿದರೂ ಆ ಹುಡುಗನ ಬಾಯಿಂದ ಬಾರದಿದ್ದ ಹಕಾರವೂ ಶಕಾರವೂ ಆ ಬೆಳಿಗ್ಗೆ "ಹರಿಶ್ಚಂದ್ರ" ಎಂಬ ಒಂದೇ ಹೆಸರಿನಲ್ಲಿ ಒಂದರ ಹಿಂದೊಂದು ಸ್ಪಷ್ಟವಾಗಿ ಹೊರಟುವು.

ನನಗೆ ಸಂತೋಷವೂ ಆಯಿತು, ಕೊಂಚ ನಾಚಿಕೆಯೂ ಆಯಿತು. ನನ್ನ ಎರಡು ವರ್ಷದ ಪಾಠವನ್ನು ಒಂದು ಸಂಜೆಯಲ್ಲಿ ಹೇಳಿ ಮುಗಿಸಿದವರು ಯಾರು? ಬಾಲ್ಯದಲ್ಲಿಯೇ ಪ್ರಾಥಮಿಕ ಶಾಲೆಯನ್ನು ಬಿಟ್ಟವರು. ಅದರ ಮೇಲೆ ನಮ್ಮ ಸೀಮೆಯಲ್ಲಿಯೇ ಹುಟ್ಟಿದವರು. ಆ ಹುಡುಗನ ನಾಲಗೆಗೂ ರಾಜಕುಮಾರ್ ಅವರ ನಾಲಗೆಗೂ ಹುಟ್ಟಿನಿಂದ ಬಂದ ನೆಲ ಒಂದೇ. ಹಾಗಾದರೆ ಶಾಲೆ ಕೊಡದಿದ್ದ ಉಚ್ಚಾರಣೆಯನ್ನು ಅವರಿಗೆ ಕೊಟ್ಟವರಾರು? ಈ ಪ್ರಶ್ನೆಯೇ ನನ್ನನ್ನು ಹಳೆಯ ಚಿತ್ರಗಳ ಇತಿಹಾಸದ ಕಡೆಗೆ ಎಳೆದೊಯ್ದಿತು.

೧೯೨೯ರ ಏಪ್ರಿಲ್ ೨೪ರಂದು ದೊಡ್ಡ ಗಾಜನೂರಿನಲ್ಲಿ ಮುತ್ತುರಾಜನೆಂಬ ಶಿಶು ಹುಟ್ಟಿದಾಗ ನಮ್ಮ ತಾಳವಾಡಿಯ ಸೀಮೆಯೂ, ತಂದೆಯ ಊರಾದ ಸಿಂಗಾನಲ್ಲೂರಿರುವ ಕೊಳ್ಳೇಗಾಲದ ಸೀಮೆಯೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿ ಮದರಾಸು ರಾಜ್ಯದಲ್ಲಿ ಉಳಿಯಿತು. ಹೀಗೆ ತಂದೆಯ ಊರು ಗಡಿಯ ಆಚೆಗೂ ಮಗನು ಹುಟ್ಟಿದ ಊರು ಗಡಿಯ ಈಚೆಗೂ ನಿಂತವು. ೨೦೦೦ದ ಜುಲೈ ೩೦ರಂದು ವೀರಪ್ಪನ್ ಅವರನ್ನು ಗಾಜನೂರಿನ ಮನೆಯಿಂದ ಅಪಹರಿಸಿ ೧೦೮ ದಿನ ಕಾಡಿನಲ್ಲಿ ಇರಿಸಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ನಮ್ಮ ಸೀಮೆಯ ಹೆಸರನ್ನು ಅಚ್ಚು ಹಾಕಿದುವು. ಆಗ ನಾನು ಚಿಕ್ಕ ತರಗತಿಯ ವಿದ್ಯಾರ್ಥಿ. ಒಬ್ಬ ಕಲಾವಿದನು ಹುಟ್ಟಿದ ಊರು ಅವನ ಕಲೆಯಿಂದಲ್ಲದೆ ಅವನ ಸಂಕಟದಿಂದ ಲೋಕಕ್ಕೆ ತಿಳಿಯಿತಲ್ಲಾ ಎಂಬ ವ್ಯಸನ ನನಗೆ ಇಂದಿಗೂ ಉಳಿದಿದೆ.

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ನಟರಾಗಿದ್ದರು. ೧೮೮೪ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು ಊರಿಂದೂರಿಗೆ ಸಂಚರಿಸುತ್ತಿದ್ದ ಒಂದು ಸಣ್ಣ ಊರೇ ಆಗಿತ್ತು. ಪರದೆ, ಹಾರ್ಮೋನಿಯಂ, ಅಡಿಗೆಯ ಪಾತ್ರೆ, ಹೆಂಗಸರು ಮಕ್ಕಳು, ಎಲ್ಲವೂ ಒಟ್ಟಿಗೆ ಪಯಣ. 'ಕುರುಕ್ಷೇತ್ರ' ನಾಟಕಕ್ಕೆ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದುದನ್ನು ಹಿರಿಯರು ಕತೆಯಂತೆ ಹೇಳುತ್ತಿದ್ದರು. ಆದರೆ ಉಪಾಧ್ಯಾಯನ ಕಣ್ಣಿಗೆ ಆನೆಗಿಂತ ಮುಖ್ಯವಾಗಿ ಕಾಣುವುದು ಬೇರೊಂದು. ಆ ಕಾಲದಲ್ಲಿ ಧ್ವನಿವರ್ಧಕವಿರಲಿಲ್ಲ. ನೆಲದ ಮೇಲೆ ಕುಳಿತವನಿಗೂ, ಹಿಂದಿನ ತಡಿಕೆಗೆ ಒರಗಿ ನಿಂತವನಿಗೂ ಒಂದೇ ಮಾತು ಒಂದೇ ಸ್ಪಷ್ಟತೆಯಿಂದ ಮುಟ್ಟಬೇಕು. ಕೂಗಿದರೆ ಸ್ವರ ಮುಟ್ಟೀತು, ವ್ಯಂಜನ ಮುಟ್ಟದು. ಆದುದರಿಂದ ನಟನು ಪ್ರತಿಯೊಂದು ವ್ಯಂಜನಕ್ಕೂ ಉಸಿರನ್ನು ಅಳೆದು ಕೊಡಬೇಕಾಗುತ್ತಿತ್ತು. ಮಹಾಪ್ರಾಣವೆಂದು ನಾವು ವ್ಯಾಕರಣದಲ್ಲಿ ಬಾಯಿಪಾಠ ಮಾಡಿಸುವುದು ಅಲ್ಲಿ ಹೊಟ್ಟೆಪಾಡಿನ ವಿಷಯವಾಗಿತ್ತು. ಕಂಪೆನಿಯ ಮಕ್ಕಳು ಲೋಹಿತಾಶ್ವ, ಪ್ರಹ್ಲಾದ, ಬಾಲಕೃಷ್ಣರಾಗಿ ರಂಗಕ್ಕೆ ಬರುತ್ತಿದ್ದರು. ಉಳಿದ ಹೊತ್ತಿನಲ್ಲಿ ಪಕ್ಕದ ಪರದೆಯ ಮರೆಯಲ್ಲಿ ನಿಂತು ಅದೇ ನಾಟಕವನ್ನು ರಾತ್ರಿ ರಾತ್ರಿ ಕೇಳುತ್ತಿದ್ದರು. ಪುಸ್ತಕವನ್ನು ಮುಟ್ಟದ ಮಗುವಿಗೂ ನೂರಾರು ಪದ್ಯಗಳು ಕಂಠಗತವಾಗುತ್ತಿದ್ದುದು ಹೀಗೆ. ಮುತ್ತುರಾಜನು ಸೇರಿದ ಶಾಲೆ ಇದೇ. ಇದಕ್ಕೆ ಹಾಜರಿ ಪುಸ್ತಕವಿರಲಿಲ್ಲ; ರಜೆಯೂ ಇರಲಿಲ್ಲ.

ಚಲಚ್ಚಿತ್ರವು ಮಾತನಾಡಲು ಕಲಿತಾಗ ಅದಕ್ಕೆ ಕನ್ನಡವನ್ನು ಕೊಟ್ಟವರೂ ಈ ಶಾಲೆಯವರೇ. ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ 'ಸತಿ ಸುಲೋಚನ' ೧೯೩೪ರ ಮಾರ್ಚ್‌ನಲ್ಲಿ ಹೊರಬಂದಿತು. ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಮಾತುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಎಲ್ಲರೂ ರಂಗಭೂಮಿಯ ನಂಟಿನವರು. ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ನಮ್ಮ ಬಂಧುಗಳು ಇದನ್ನು ಗಮನಿಸಬೇಕು. ಕನ್ನಡ ಚಿತ್ರವು ಗಡಿನಾಡಿನಾಚೆ ಕಣ್ಣು ತೆರೆದು, ಆ ಮೇಲೆ ಬಹುಕಾಲ ಮದರಾಸಿನಲ್ಲಿ ಬೆಳೆಯಿತು. 'ಸತಿ ಸುಲೋಚನ'ದ ಪ್ರತಿ ಇಂದು ನೋಡಲು ದೊರೆಯುವುದಿಲ್ಲ. ನಾಗೇಂದ್ರರಾಯರ ರಾವಣನು ಹೇಗೆ ಗರ್ಜಿಸಿದನೋ ನಾವು ಊಹಿಸಿಕೊಳ್ಳಬೇಕಷ್ಟೆ.

ನೋಡಲು ದೊರೆಯುವ ಹಳೆಯ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ೧೯೫೪ರ 'ಬೇಡರ ಕಣ್ಣಪ್ಪ'. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಮುತ್ತುರಾಜನು ರಾಜಕುಮಾರ್ ಎಂಬ ಹೊಸ ಹೆಸರಿನಿಂದ ನಾಯಕನಾದನು. ಅದಕ್ಕೆ ಎರಡು ವರ್ಷ ಮೊದಲು 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬನಾಗಿ ನಿಂತಿದ್ದುದೇ ಅವನ ಹೇಳಿಕೊಳ್ಳುವ ಚಿತ್ರಾನುಭವ. ಮಗನು ನಾಯಕನಾದುದನ್ನು ನೋಡಲು ಪುಟ್ಟಸ್ವಾಮಯ್ಯನವರು ಉಳಿದಿರಲಿಲ್ಲ. ನಾಯಕಿ ನೀಲೆಯಾಗಿ ಭಟ್ಕಳದ ಪಂಡರಿಬಾಯಿ. ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರವಾದ ೧೯೫೨ರ 'ಪರಾಶಕ್ತಿ'ಗೂ ಇವರೇ ನಾಯಕಿಯಾಗಿದ್ದರು. ಎರಡು ಭಾಷೆಗಳ ಇಬ್ಬರು ಮಹಾನಟರ ಮೊದಲ ಹೆಜ್ಜೆಗೆ ಜೊತೆಯಾದ ಆ ತಾಯಿಯನ್ನು ನಾವು ಸಾಕಷ್ಟು ನೆನೆಯುವುದಿಲ್ಲವೆಂದೇ ನನ್ನ ಭಾವನೆ. ಪೂಜಾರಿಯಾಗಿ ಜಿ.ವಿ. ಅಯ್ಯರ್, ಅವನ ಮಗನಾಗಿ ತಿಪಟೂರಿನ ನರಸಿಂಹರಾಜು.

ಇಂದಿನ ಕಣ್ಣಿಗೆ ಈ ಚಿತ್ರದಲ್ಲಿ ದೋಷಗಳು ಕಾಣುವುದಿಲ್ಲವೆಂದಲ್ಲ. ಕ್ಯಾಮರಾ ಅನೇಕ ವೇಳೆ ನಾಟಕದ ಮುಂದಿನ ಸಾಲಿನ ಪ್ರೇಕ್ಷಕನಂತೆ ಒಂದೇ ಕಡೆ ಕುಳಿತಿರುತ್ತದೆ. ಕೆಲವು ಹಾಡುಗಳು ಕತೆಯನ್ನು ಕಾಯಿಸುತ್ತವೆ. ಆದರೆ ಬೇಡನು ಲಿಂಗದ ಮುಂದೆ ಮಾತಿಗಿಳಿದಾಗ ಇದಾವುದೂ ನೆನಪಿಗೆ ಬರುವುದಿಲ್ಲ. ಅವನಿಗೆ ಮಂತ್ರ ಬಾರದು. ಶಿವನೊಡನೆ ನೆರೆಮನೆಯ ಹಿರಿಯನೊಡನೆ ಆಡುವಂತೆ ಆಡುತ್ತಾನೆ. ಅಲ್ಲಿ ನಟನು ಕಂಪೆನಿಯ ಗಟ್ಟಿ ಕಂಠವನ್ನು ಬಚ್ಚಿಟ್ಟು ತನ್ನ ಹಳ್ಳಿಯ ದನಿಯನ್ನು ಹೊರತೆಗೆದಿದ್ದಾನೆಂದು ನನಗೆ ತೋರುತ್ತದೆ. ಶುದ್ಧವಾಗಿ ನುಡಿಯಬಲ್ಲವನಿಗೆ ಮಾತ್ರ ಎಲ್ಲಿ ಹಾಗೆ ನುಡಿಯಬಾರದೆಂಬುದೂ ತಿಳಿದಿರುತ್ತದೆ. ಇದೇ ವರ್ಷ ಇದೇ ಕತೆ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಆಯಿತು. ಅದರಲ್ಲಿಯೂ ರಾಜಕುಮಾರರೇ ನಾಯಕರು. ಅನಂತರ ಅವರು ೨೦೦ಕ್ಕೂ ಹೆಚ್ಚು ಕನ್ನಡ ಚಿತ್ರಗಳಲ್ಲಿ ನಟಿಸಿದರೂ ಬೇರೆ ಭಾಷೆಯಲ್ಲಿ ನಾಯಕರಾಗಲಿಲ್ಲ.

ಇನ್ನು ನಮ್ಮ ಮಕ್ಕಳು ನೋಡಿದ 'ಸತ್ಯ ಹರಿಶ್ಚಂದ್ರ'. ಇದು ೧೯೬೫ರದು, ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ. ೨೦೦೮ರಲ್ಲಿ ಇದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನನಗೆ ಕಪ್ಪು ಬಿಳುಪೇ ಹಿತ. ಉದಯಕುಮಾರರ ವಿಶ್ವಾಮಿತ್ರನು ಸಿಡಿಲಿನಂತೆ ಎರಗುತ್ತಾನೆ. ಮೈಸೂರಿನ ಕುಸ್ತಿಪಟು ಎಂ.ಪಿ. ಶಂಕರ್ ಅವರು ವೀರಬಾಹುವಾಗಿ ನಿಂತರೆ ತೆರೆ ತುಂಬುತ್ತದೆ. ಸಾಲ ವಸೂಲಿಗೆ ಬೆನ್ನು ಹತ್ತಿದ ನಕ್ಷತ್ರಿಕನಾಗಿ ನರಸಿಂಹರಾಜು ಇಡೀ ದುಃಖದ ನಡುವೆ ನಮ್ಮನ್ನು ನಗಿಸುತ್ತಾರೆ. ನಗುತ್ತ ನಗುತ್ತ ನಮಗೇ ನಮ್ಮ ಮೇಲೆ ಕೋಪ ಬರುತ್ತದೆ. ಇಷ್ಟು ಅಬ್ಬರದ ನಡುವೆ ಹರಿಶ್ಚಂದ್ರನು ಮಾತ್ರ ದನಿಯನ್ನು ಏರಿಸುವುದಿಲ್ಲ. ಸತ್ತ ಮಗುವನ್ನು ಹೊತ್ತು ತಂದ ಚಂದ್ರಮತಿಯನ್ನು, ಅಂದರೆ ಪಂಡರಿಬಾಯಿಯವರನ್ನು, ಸುಡುಗಾಡಿನ ಸುಂಕ ಕೇಳುವ ಆ ಘಟ್ಟದಲ್ಲಿ ಬೇರೆ ನಟನಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದನು. ಇವರು ಮಾತನ್ನು ತಗ್ಗಿಸುತ್ತಾರೆ. ತಗ್ಗಿಸಿದಷ್ಟೂ ಅಕ್ಷರಗಳು ಸ್ಪಷ್ಟವಾಗುತ್ತವೆ. ನಮ್ಮ ಸಂಘದ ಕೊಠಡಿಯ ಧ್ವನಿಯಂತ್ರವು ಬಲು ಹಳೆಯದು, ಗೊರಗೊರ ಸದ್ದು ಮಾಡುವಂಥದು; ಆದರೂ ಹಿಂದಿನ ಚಾಪೆಯ ಮಕ್ಕಳಿಗೆ ಆ ಪಿಸುಮಾತು ಕೇಳಿಸಿತು.

ಕಂಪೆನಿಯ ಪಾಠವು ತಲೆಮಾರಿನಿಂದ ತಲೆಮಾರಿಗೆ ಹೇಗೆ ನಡೆಯಿತೆಂಬುದಕ್ಕೆ ಇನ್ನೊಂದು ಉದಾಹರಣೆಯನ್ನು ಹೇಳದಿರಲಾರೆ. ರೌದ್ರ ಪಾತ್ರಗಳಿಗೆ ಹೆಸರಾಗಿದ್ದ ಪುಟ್ಟಸ್ವಾಮಯ್ಯನವರು ರಂಗದ ಮೇಲೆ ಹಿರಣ್ಯಕಶಿಪುವಾಗಿ ಮೆರೆದವರು. ಮಗನು ೧೯೮೩ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಅದೇ ಹಿರಣ್ಯಕಶಿಪುವಾದನು. ಎದುರಿಗೆ ಪ್ರಹ್ಲಾದನಾಗಿ ನಿಂತವನು ಅವನ ಕಿರಿಯ ಮಗ, ಮುಂದೆ ಪುನೀತ್ ಎಂದು ಹೆಸರಾದ ಬಾಲಕ ಲೋಹಿತ್. ಆ ಗದೆಯ ಹಿಡಿತದಲ್ಲಿ, ಆ ನಗೆಯ ಏರಿಳಿತದಲ್ಲಿ ನಾವೆಂದೂ ಕಾಣದ ಪುಟ್ಟಸ್ವಾಮಯ್ಯನವರನ್ನು ಕಾಣುತ್ತಿದ್ದೇವೆಯೋ ಏನೋ!

ಈ ಕಲಾವಿದರ ಬಾಳು ತೆರೆಯ ಮೇಲಿನಂತೆ ಝಗಝಗಿಸುತ್ತಿರಲಿಲ್ಲವೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಚಿತ್ರಗಳೇ ವಿರಳವಾಗಿದ್ದ ದಿನಗಳಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಈ ನಾಲ್ವರು ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು ಮತ್ತೆ ನಾಟಕವಾಡಲು ಹೊರಟರು. ೧೯೬೦ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ತಾವೇ ತಯಾರಿಸಿದರು. ಕೈ ಬರಿದಾದಾಗ ಅವರು ಹಿಂದಿರುಗಿದುದು ತಮ್ಮ ಹಳೆಯ ಶಾಲೆಗೇ. ರಾಜಕುಮಾರರ ಹಾಡಿನ ಕಂಠವಾಗಿ ಬಹುಕಾಲ ಮೆರೆದ ಪಿ.ಬಿ. ಶ್ರೀನಿವಾಸರು ಕಾಕಿನಾಡದಲ್ಲಿ ಹುಟ್ಟಿದವರು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ನಡವನ್ನು ಕಲಿತು ಹಾಡಿದವರ ಉಚ್ಚಾರಣೆ ಅಷ್ಟು ನಿರ್ಮಲವಾಗಿರುವಾಗ, ಹುಟ್ಟಿನಿಂದ ಆಡುವ ನಾವು ಸೋಮಾರಿಗಳಾಗುವುದಕ್ಕೆ ಏನು ನೆಪ ಹೇಳೋಣ? ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ರಾಜಕುಮಾರರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಕಂಪೆನಿಯ ಶಾಲೆಗೆ ವಿಶ್ವವಿದ್ಯಾನಿಲಯವು ಕೊಟ್ಟ ಮನ್ನಣೆಯೆಂದೇ ನಾನು ಅದನ್ನು ಎಣಿಸುತ್ತೇನೆ.

ಆ ನಾಲ್ವರಲ್ಲಿ ಅರಸೀಕೆರೆಯ ಬಾಲಕೃಷ್ಣ ಅವರನ್ನು ಕುರಿತು ಕೊನೆಗೆ ಬರೆಯಬೇಕೆಂದು ಉಳಿಸಿಕೊಂಡಿದ್ದೇನೆ. ಈ ನಟರಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ೧೯೪೩ರ 'ರಾಧಾರಮಣ'ದಿಂದ ಮೊದಲುಗೊಂಡು ದಶಕಗಳ ಕಾಲ ಅವರು ನೂರಾರು ಚಿತ್ರಗಳಲ್ಲಿ ಮಾತಿಗೆ ಮಾತು ಕೊಟ್ಟರು. ಕುಟಿಲ ಪಾತ್ರವಿರಲಿ, ಕರುಣ ಪಾತ್ರವಿರಲಿ, ಒಂದು ಉತ್ತರವೂ ತಡವಾದಂತೆ ತೋರದು. ಎದುರಿನವರ ತುಟಿಗಳ ಚಲನೆಯನ್ನು ನೋಡಿ ತಮ್ಮ ಸರದಿಯನ್ನು ಅರಿಯುತ್ತಿದ್ದರು. 'ಬಂಗಾರದ ಮನುಷ್ಯ' ಚಿತ್ರದ ರಾಚೂಟಪ್ಪನನ್ನು ಈ ವಿಷಯ ತಿಳಿದ ಮೇಲೆ ಮತ್ತೊಮ್ಮೆ ನೋಡಿರಿ. ಅವರ ಕಣ್ಣುಗಳು ಎದುರಿನವರ ಮುಖವನ್ನು ಬಿಟ್ಟು ಅಲುಗುವುದಿಲ್ಲ. ನಾವು ಅದನ್ನು ಅಭಿನಯದ ತೀಕ್ಷ್ಣತೆಯೆಂದು ಮೆಚ್ಚಿದ್ದೆವು. ತೀಕ್ಷ್ಣತೆ ಹೌದು, ಆದರೆ ಅದು ಕೇಳಿಸಿಕೊಳ್ಳುವ ಬಗೆಯೂ ಆಗಿತ್ತು.

ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ನನ್ನ ತರಗತಿಯಲ್ಲಿ ಕಿವಿ ಮಂದವಾದ ಬಾಲಕಿಯೊಬ್ಬಳಿದ್ದಳು. ಓದಿನಲ್ಲಿ ಹಿಂದೆಂದು ಎಣಿಸಿ ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದವನು ನಾನೇ. ನಾನು ಹಲಗೆಯ ಕಡೆ ಮುಖ ತಿರುಗಿಸಿ ಬರೆಯುತ್ತ ಬರೆಯುತ್ತ ಪಾಠ ಹೇಳುವವನು. ಅವಳಿಗೆ ನನ್ನ ಬೆನ್ನಲ್ಲದೆ ಬೇರೇನು ಕಾಣಬೇಕು? ಮರುದಿನ ಅವಳನ್ನು ಮುಂದಕ್ಕೆ ಕರೆದು, ನನ್ನ ಮೇಜಿನ ಎದುರಿಗೇ ಕೂರಿಸಿದೆನು. ಬರೆಯುವಾಗ ಬಾಯಿ ಮುಚ್ಚುವುದನ್ನು, ಮಾತನಾಡುವಾಗ ಮಕ್ಕಳ ಕಡೆ ತಿರುಗುವುದನ್ನು ಮೂವತ್ತು ದಾಟಿದ ಮೇಲೆ ಕಲಿಯತೊಡಗಿದೆನು.

ಈ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಹರಿಶ್ಚಂದ್ರನ ನಾಟಕವನ್ನು ಆಡುವವರಿದ್ದಾರೆ. ಬೇವಿನ ಮರದ ಕೆಳಗಿನ ಹುಡುಗನೇ ಹರಿಶ್ಚಂದ್ರ. ನಕ್ಷತ್ರಿಕನ ಪಾತ್ರವನ್ನು ಆ ಬಾಲಕಿಯು ತಾನಾಗಿಯೇ ಕೇಳಿ ಪಡೆದಳು. ಮಾತುಗಳೆಲ್ಲವೂ ಬಾಯಿಗೆ ಬಂದಿವೆ. ಅಭ್ಯಾಸದ ಮೊದಲ ದಿನ ಅವಳು ಹರಿಶ್ಚಂದ್ರನಿಗೆ ಒಂದೇ ಒಂದು ಕರಾರನ್ನು ಹಾಕಿದಳು: ಎಷ್ಟೇ ದುಃಖವಾಗಲಿ, ಮಾತನಾಡುವಾಗ ಮುಖವನ್ನು ಆ ಕಡೆ ತಿರುಗಿಸಬಾರದು.