ಡ್ಯಾನ್ಯೂಬ್ ತೀರದ ಫುಟ್‌ಬಾಲ್ ಗುರು

ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆ ಹತ್ತಿಗಿರಣಿಗಳ ಹೊಗೆಯಲ್ಲಿ ಮುಳುಗಿದ್ದ ಕಾಲವದು. ಅಲ್ಲಿನ ನೆಲ್ಸನ್ ಪಟ್ಟಣದ ಐರಿಷ್ ಮೂಲದ ಕ್ಯಾಥೊಲಿಕ್ ಮನೆತನವೊಂದರಲ್ಲಿ 1882ರಲ್ಲಿ ಜಿಮ್ಮಿ ಹೋಗನ್ ಜನಿಸಿದರು. ಮಗ ಪಾದ್ರಿಯಾಗಲೆಂದು ತಂದೆ ಬಯಸಿದ್ದರು. ಮಗನ ಮನಸ್ಸು ಚೆಂಡಿನ ಹಿಂದೆ ಓಡಿತು.

ಆಟಗಾರರಾಗಿ ಹೋಗನ್ ಅವರದು ಊರೂರು ಅಲೆದ ಬದುಕು. ನೆಲ್ಸನ್, ಬರ್ನ್ಲಿ, ಫುಲ್ಹಮ್, ಸ್ವಿಂಡನ್, ಬೋಲ್ಟನ್ ಎಂದು ತಂಡ ಬದಲಾದವೇ ಹೊರತು ಕೀರ್ತಿ ಕೈಹಿಡಿಯಲಿಲ್ಲ. ಆದರೆ ಬರ್ನ್ಲಿಯ ಒಂದು ಪ್ರಸಂಗ ಅವರ ಮುಂದಿನ ದಾರಿಯನ್ನೇ ತಿರುಗಿಸಿತು. ಎದುರಾಳಿಗಳನ್ನು ದಾಟಿ ಅವರು ಹೊಡೆದ ಚೆಂಡು ಗೋಲಿನ ಮೇಲೆ ಹಾರಿಹೋಯಿತು. ಪಾದ ಊರಿದ್ದು ತಪ್ಪಾಯಿತೇ, ಮೈಯ ಸಮತೋಲ ಕೆಟ್ಟಿತೇ ಎಂದು ಮ್ಯಾನೇಜರನ್ನು ಕೇಳಿದರು. ಹೊಡೆಯುತ್ತಲೇ ಇರು, ಹತ್ತಕ್ಕೊಂದು ಗೋಲಾದರೂ ಸಾಕು ಎಂಬ ಉತ್ತರ ಬಂತು. ತಪ್ಪಿದ್ದೇಕೆಂದು ತಿಳಿಯಬಯಸುವ ಮನುಷ್ಯನಿಗೆ ಇದರಿಂದ ಸಮಾಧಾನವಾದೀತೇ? ಅಂದಿನ ಇಂಗ್ಲಿಷ್ ತಂಡಗಳಲ್ಲಿ ಅಭ್ಯಾಸವೆಂದರೆ ಮೈದಾನ ಸುತ್ತುವುದು. ಚೆಂಡಿನ ಪಾಠ ಹೇಳಿಕೊಡುವವರೇ ಇರಲಿಲ್ಲ.

ಬೋಲ್ಟನ್ ತಂಡ ಹಾಲೆಂಡಿಗೆ ಹೋದಾಗ ಡೋರ್ಡ್ರೆಕ್ಟ್ ಎಂಬ ಊರಿನವರನ್ನು 10-0 ಗೋಲುಗಳಿಂದ ಸೋಲಿಸಿತು. ಒಂದು ದಿನ ಇಲ್ಲಿಗೆ ಮರಳಿ ಬಂದು ಇವರಿಗೆ ಆಟ ಕಲಿಸುತ್ತೇನೆಂದು ಹೋಗನ್ ಅಂದೇ ನಿಶ್ಚಯಿಸಿದರು. 1910ರಲ್ಲಿ ಮಾತು ಉಳಿಸಿಕೊಂಡರು. ಎರಡು ವರ್ಷದ ಬಳಿಕ ಆಸ್ಟ್ರಿಯಾದ ಹ್ಯೂಗೋ ಮೈಸ್ಲ್, ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ತಮ್ಮ ಆಟಗಾರರನ್ನು ಅಣಿಗೊಳಿಸಲು ಅವರನ್ನು ವಿಯೆನ್ನಾಕ್ಕೆ ಕರೆಸಿಕೊಂಡರು. ಇಬ್ಬರಿಗೂ ಪ್ರಿಯವಾದದ್ದು ನೆಲದ ಮೇಲಿನ ಚುರುಕಾದ ಸಣ್ಣ ಪಾಸುಗಳ ಆಟ.

1914ರಲ್ಲಿ ಅವರು ಮತ್ತೆ ವಿಯೆನ್ನಾದಲ್ಲಿದ್ದಾಗಲೇ ಮಹಾಯುದ್ಧ ಸಿಡಿಯಿತು. ಶತ್ರುದೇಶದವರೆಂದು ಅವರನ್ನು ಬಂಧಿಸಲಾಯಿತು. ಹೆಂಡತಿ ಮಕ್ಕಳು ಇಂಗ್ಲೆಂಡಿಗೆ ಮರಳಬೇಕಾಯಿತು. ಕೊನೆಗೆ ಬುಡಾಪೆಸ್ಟಿನ ಎಂಟಿಕೆ ತಂಡ ಅವರನ್ನು ಕೋಚ್ ಆಗಿ ಕರೆದುಕೊಂಡಿತು. ಅಲ್ಲಿನ ಉದ್ಯಾನವೊಂದರಲ್ಲಿ ಚೆಂಡಾಡುತ್ತಿದ್ದ ಇಬ್ಬರು ಹುಡುಗರು ಅವರ ಕಣ್ಣಿಗೆ ಬಿದ್ದರು. ಅವರೇ ಹಂಗೇರಿಯ ಹೆಸರಾಂತ ಆಟಗಾರರಾಗಿ ಬೆಳೆದ ಓರ್ಥ್ ಮತ್ತು ಬ್ರೌನ್. 1917ರಿಂದ 1925ರವರೆಗೆ ದೇಶದ ಲೀಗ್ ಪ್ರಶಸ್ತಿ ಪ್ರತಿವರ್ಷವೂ ಎಂಟಿಕೆಯದೇ ಆಯಿತು. ಹೋಗನ್ ನಡುವೆಯೇ ತಂಡ ಬಿಟ್ಟಿದ್ದರೂ ಅವರು ಹಾಕಿದ ಅಡಿಪಾಯ ಕದಲಲಿಲ್ಲ.

ಯುದ್ಧ ಮುಗಿದು ಬರಿಗೈಯಲ್ಲಿ ತಾಯ್ನಾಡಿಗೆ ಬಂದವರಿಗೆ, ಯುದ್ಧದಿಂದ ನೊಂದ ವೃತ್ತಿಪರ ಆಟಗಾರರಿಗಾಗಿ ನೆರವಿನ ಹಣ ಇದೆಯೆಂದು ತಿಳಿಯಿತು. ಸಾಲ ಮಾಡಿ ಲಂಡನ್ನಿಗೆ ಹೋಗಿ ಫುಟ್‌ಬಾಲ್ ಸಂಸ್ಥೆಯ ಕದ ತಟ್ಟಿದರು. ಕಾರ್ಯದರ್ಶಿ ಫ್ರೆಡೆರಿಕ್ ವಾಲ್ ಕೊಟ್ಟದ್ದು ಮೂರು ಜೊತೆ ಖಾಕಿ ಕಾಲುಚೀಲ. ರಣರಂಗದ ಹುಡುಗರು ಇಷ್ಟಕ್ಕೇ ಸಂತೋಷಪಟ್ಟಿದ್ದರೆಂಬ ಮಾತು ಬೇರೆ. ಶತ್ರುನಾಡಿನಲ್ಲಿ ಸೆರೆ ಕಂಡು ಬಂದವನನ್ನು ದ್ರೋಹಿಯಂತೆ ಕಂಡ ಆ ಗಳಿಗೆ ಇಂಗ್ಲಿಷ್ ಫುಟ್‌ಬಾಲ್‌ಗೆ ಅಂಟಿದ ಕಳಂಕ ಎಂದೇ ನನ್ನ ಭಾವನೆ.

ಅವರು ಮತ್ತೆ ಯೂರೋಪಿನ ಹಾದಿ ಹಿಡಿದರು. ಜರ್ಮನಿಯ ಉಪನ್ಯಾಸವೊಂದರಲ್ಲಿ ಭಾಷೆ ತೊಡರಿದಾಗ ಬೂಟು, ಕಾಲುಚೀಲ ಕಳಚಿ, ಬರಿಗಾಲಿನಲ್ಲೇ ದೂರದ ಹಲಗೆಗೆ ಗುರಿಯಿಟ್ಟು ಚೆಂಡು ಹೊಡೆದು ತೋರಿಸಿದರು. ಡ್ರೆಸ್ಡೆನ್‌ನಲ್ಲಿ ಅವರಿಂದ ಕಲಿತವರಲ್ಲಿ ಹೆಲ್ಮುಟ್ ಷೋನ್ ಒಬ್ಬರು. 1934ರಲ್ಲಿ ತಾಯ್ನಾಡಿನ ಫುಲ್ಹಮ್ ತಂಡ ಅವರನ್ನು ಮ್ಯಾನೇಜರ್ ಮಾಡಿತಾದರೂ, ಪಳಗಿದ ಆಟಗಾರರಿಗೆ ಪಾಠವೇಕೆಂಬ ಧೋರಣೆ ಅಲ್ಲಿ ಅವರನ್ನು ಹೆಚ್ಚು ಕಾಲ ಉಳಿಯಗೊಡಲಿಲ್ಲ. ಆಸ್ಟನ್ ವಿಲ್ಲಾ ಮಾತ್ರ ಅವರ ಕೈಕೆಳಗೆ 1938ರಲ್ಲಿ ಎರಡನೇ ಡಿವಿಷನ್ ಗೆದ್ದು ಮೇಲೇರಿತು.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಮಣಿಸಿತು. ಯೂರೋಪ್ ಖಂಡದ ತಂಡವೊಂದಕ್ಕೆ ಇಂಗ್ಲೆಂಡ್ ತನ್ನ ನೆಲದಲ್ಲಿ ಸೋತದ್ದು ಅದೇ ಮೊದಲು. ವಿಲ್ಲಾದ ಹುಡುಗರನ್ನು ಕರೆದುಕೊಂಡು ಬಂದಿದ್ದ ಎಪ್ಪತ್ತೊಂದರ ಹೋಗನ್ ಪ್ರೇಕ್ಷಕರ ನಡುವೆ ಕುಳಿತಿದ್ದರು. ತಾವು ಆಡಿದ್ದು ಹೋಗನ್ ಕಲಿಸಿದ ಆಟವನ್ನೇ ಎಂದು ಹಂಗೇರಿಯ ಕೋಚ್ ಗುಸ್ತಾವ್ ಶೆಬೆಶ್ ಮುಕ್ತವಾಗಿ ಸಾರಿದರು.

1974ರ ಜನವರಿಯಲ್ಲಿ ಹೋಗನ್ ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ಕೋಚ್ ಹೆಲ್ಮುಟ್ ಷೋನ್.